ಉಮೇದುವಾರರ ದಾರಿ

ಹಾನಗಲ್ಲ ಸೀಮೆಯ ಹಳ್ಳಿಗಳಲ್ಲಿ ಹೊಸ ಮುಖ ಕಂಡರೆ ಹಿರಿಯರು ಮೊದಲು ಕೇಳುವ ಮಾತು ಒಂದೇ: ‘ಯಾರ ಪೈಕಿ ನೀ?’ ಹೆಸರು ಆಮೇಲೆ, ಉದ್ಯೋಗ ಕಡೆಗೆ. ಮನೆತನ ಗೊತ್ತಾದರೆ ಉಳಿದದ್ದೆಲ್ಲ ತಾನೇ ತಿಳಿಯುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಬೀಗರ ಮನೆಯಲ್ಲಿ ಅದು ಅಕ್ಕರೆಯ ಮಾತೇ ಹೌದು. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಬಹುಕಾಲ ನೌಕರಿಯ ಬಾಗಿಲಲ್ಲಿಯೂ ಇದೇ ಪ್ರಶ್ನೆ ಕೂತಿತ್ತು. ಸರಿಯಾದ ಉತ್ತರ ಇದ್ದವನಿಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಇಲ್ಲದವನನ್ನು ಪರೀಕ್ಷೆ ಮಾಡುವವರೇ ಇರಲಿಲ್ಲ.

ಇಂದು ಅದೇ ಊರುಗಳ ಹುಡುಗ ಹುಡುಗಿಯರು ಬೆಂಗಳೂರಿನ ಕಂಪನಿಗಳಲ್ಲಿ ನಾಲ್ಕು ಸುತ್ತಿನ ಸಂದರ್ಶನ ಮುಗಿಸಿ, ‘ತಿಳಿಸ್ತೀವಿ’ ಎಂಬ ಒಂದು ಮಾತು ಕೇಳಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಆಮೇಲೆ ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ಆಯ್ಕೆಯಾಗಿದೆ ಎಂದೂ ಇಲ್ಲ, ಆಗಿಲ್ಲ ಎಂದೂ ಇಲ್ಲ. ‘ಯಾರ ಪೈಕಿ’ಯಿಂದ ‘ತಿಳಿಸ್ತೀವಿ’ವರೆಗೆ ಈ ಸೀಮೆ ನಡೆದು ಬಂದ ದಾರಿ ಉದ್ದವಾದದ್ದು. ಆ ದಾರಿಯಲ್ಲಿ ಬಾಗಿಲು ತೆರೆದುಕೊಂಡ ಕಡೆ ಯಾರೋ ಒಬ್ಬರು ಕಾರಣ ಕೇಳಿದ್ದಾರೆ, ಇನ್ನೊಬ್ಬರು ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಉತ್ತರ ಕೊಡುವ ಆ ರೂಢಿಯೇ ಇಂದು ಸಡಿಲವಾಗಿದೆ.

ಈ ನಾಲ್ಕು ತಾಲೂಕುಗಳು ಹಾವೇರಿ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಅದಕ್ಕೆ ಮೊದಲು ಧಾರವಾಡ ಜಿಲ್ಲೆ; 1956ರ ಏಕೀಕರಣಕ್ಕೂ ಮೊದಲು ಮುಂಬಯಿ ಆಡಳಿತ. ಆ ಕಾಲದ ಹಳ್ಳಿಯಲ್ಲಿ ಸರಕಾರ ಎಂದರೆ ಗೌಡ, ಕುಲಕರ್ಣಿ, ತಳವಾರ, ಶೇತಸನದಿ. ಗೌಡ ಕಂದಾಯ ಎತ್ತುವವನು, ಕುಲಕರ್ಣಿ ಲೆಕ್ಕ ಬರೆಯುವವನು, ಉಳಿದವರು ಕಾವಲು ಮತ್ತು ಓಡಾಟದವರು. ಈ ಹುದ್ದೆಗಳಿಗೆ ಅರ್ಜಿ ಇರಲಿಲ್ಲ, ಜಾಹೀರಾತು ಇರಲಿಲ್ಲ. ಅವು ವತನ. ಹೊಲ ಮನೆಯಂತೆ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದವು. ಅಣ್ಣತಮ್ಮಂದಿರಲ್ಲಿ ತಕ್ಷೀಮು ಆಗುತ್ತಿದ್ದವು.

ಬ್ರಿಟಿಷರು ಈ ಪದ್ಧತಿಯನ್ನು ಕಿತ್ತುಹಾಕಲಿಲ್ಲ, ಕಾಯದೆಯ ಚೌಕಟ್ಟಿಗೆ ತಂದರು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯದೆ ವತನದಾರರ ಹಕ್ಕು, ಸರದಿ, ಸಂಭಾವನೆಗಳನ್ನೆಲ್ಲ ನಿಗದಿ ಮಾಡಿತು. 1886ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು. ವತನದ ಉತ್ತರಾಧಿಕಾರದಲ್ಲಿ ಮನೆತನದ ಹೆಣ್ಣುಮಕ್ಕಳು, ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು, ಅರ್ಹ ಗಂಡಸರೆಲ್ಲರ ಹಿಂದೆ ನಿಲ್ಲಬೇಕು ಎಂದು ಅದು ಬರೆದಿಟ್ಟಿತು. ಹುದ್ದೆ ಹುಟ್ಟಿನಿಂದ ಬರುತ್ತಿದ್ದ ಮನೆಯೊಳಗೂ ಹೆಣ್ಣಿನ ಸರದಿ ಕಟ್ಟಕಡೆಯದು. ಈ ಸಾಲನ್ನು ನೆನಪಿಟ್ಟುಕೊಳ್ಳಬೇಕು. ಸುಮಾರು ತೊಂಬತ್ತು ವರ್ಷಗಳ ಬಳಿಕ, ಕುಲಕರ್ಣಿ ಎಂಬ ಅಡ್ಡಹೆಸರಿನ ಶಿಗ್ಗಾಂವಿಯ ಮಗಳೊಬ್ಬಳು ಇಂಥದೇ ಇನ್ನೊಂದು ಸಾಲನ್ನು ಎದುರಿಸಬೇಕಾಯಿತು.

ಹಳ್ಳಿಯ ಹುದ್ದೆ ವತನದಾರನಿಗೆ. ತಾಲೂಕಿನ ಮಾಮಲೇದಾರ ಕಚೇರಿಯ ಕಾರಕೂನಿಕೆ? ಅಲ್ಲಿ ಬೇರೊಂದು ರೂಢಿ ಬೆಳೆದಿತ್ತು. ಕೆಲಸ ಬೇಕಾದವನು ಕಚೇರಿಗೆ ಹೋಗಿ ಪಗಾರವಿಲ್ಲದೆ ಬರೆಯುತ್ತ ಕೂರಬೇಕು. ಹಾಳೆ ಹೊಂದಿಸುವುದು, ನಕಲು ತೆಗೆಯುವುದು, ಸಾಹೇಬರ ಕಣ್ಣಿಗೆ ಬೀಳುವುದು. ಎಂದೋ ಒಂದು ಜಾಗ ಖಾಲಿಯಾದರೆ ಅದೃಷ್ಟ. ಹೀಗೆ ಕಾಯುವವನನ್ನು ‘ಉಮೇದುವಾರ’ ಎಂದು ಕರೆಯುತ್ತಿದ್ದರು. ಪಾರಸಿಯಿಂದ ಬಂದ ‘ಉಮೇದು’ ಎಂದರೆ ಆಸೆ, ಭರವಸೆ. ಉಮೇದುವಾರ ಎಂದರೆ ಭರವಸೆ ಹೊತ್ತವನು. ಇಂದು ಚುನಾವಣೆ ಬಂದಾಗ ‘ಉಮೇದುವಾರಿಕೆ’ ಎಂಬ ಶಬ್ದ ಪತ್ರಿಕೆಗಳಲ್ಲಿ ಹೊರಳಾಡುತ್ತದೆ. ಅದರ ಹಿಂದೆ ಪಗಾರವಿಲ್ಲದೆ ಕಚೇರಿಯ ಜಗುಲಿಯಲ್ಲಿ ವರ್ಷಗಟ್ಟಲೆ ಕೂತ ಎಷ್ಟೋ ತರುಣರ ಬೆನ್ನುಗಳಿವೆ.

ಹುಟ್ಟಿನ ಬಾಗಿಲಿಗೆ ಮೊದಲ ಬಿರುಕು ಬಿಟ್ಟದ್ದು ಕನ್ನಡ ಶಾಲೆಯಿಂದ. ಕನ್ನಡ ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಮುಲ್ಕಿ ಪರೀಕ್ಷೆ ಈ ಭಾಗದಲ್ಲಿ ನೌಕರಿಯ ಕೀಲಿಯಾಯಿತು. ಮುಲ್ಕಿ ಪಾಸಾದವನು ಕನ್ನಡ ಸಾಲಿಯ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು, ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿ ‘ಟ್ರೇನಿಂಗ್ ಆದ ಮಾಸ್ತರ’ ಎನಿಸಿಕೊಳ್ಳಬಹುದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥ ಅಧಿಕಾರಿಗಳು ಕನ್ನಡ ಶಾಲೆಗಳನ್ನು ಹಳ್ಳಿಹಳ್ಳಿಗೆ ಒಯ್ದದ್ದರಿಂದ ಈ ಕೀಲಿ ಹೊಸ ಕೈಗಳಿಗೂ ಸಿಕ್ಕಿತು.

ಹೀಗೆ ಮಾಸ್ತರಿಕೆಗೆ ಬಂದವರಲ್ಲಿ ಈ ಸೀಮೆಯ ಎಲ್ಲರಿಗೂ ಗೊತ್ತಿರುವ ಹೆಸರೊಂದಿದೆ. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಇಮಾಮ ಸಾಹೇಬರ ಮಗ ಶರೀಫ, 1819ರಲ್ಲಿ ಹುಟ್ಟಿದವರು. ಮುಲ್ಕಿ ಪಾಸಾಗಿ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು ಎಂದು ಅವರ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ನೌಕರಿಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಗುರು ಕಳಸದ ಗೋವಿಂದಭಟ್ಟರ ಕಡೆಗೆ ಹರಿಯಿತು. ಆದರೂ ಬಡ ಮುಸಲ್ಮಾನ ಮನೆಯ ಹುಡುಗನೊಬ್ಬ ಪರೀಕ್ಷೆಯ ಬಲದಿಂದ ಸರಕಾರಿ ಶಾಲೆಯ ಕುರ್ಚಿಯಲ್ಲಿ ಕೂತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ‘ಯಾರ ಪೈಕಿ’ ಎಂಬುದರ ಪಕ್ಕದಲ್ಲಿ ‘ಏನು ಓದೀ?’ ಎಂಬ ಹೊಸ ಪ್ರಶ್ನೆ ಬಂದು ನಿಂತಿತ್ತು. ಹಾವೇರಿ ಬದಿಯ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ, ಮುಂದೆ ಕಾದಂಬರಿಕಾರ ಗಳಗನಾಥರೆಂದು ಹೆಸರಾದವರು, ಇದೇ ಕನ್ನಡ ಶಾಲೆಯ ಮಾಸ್ತರಿಕೆಯಲ್ಲಿ ವರ್ಷಗಳನ್ನು ಕಳೆದವರು. ಕುಲಕರ್ಣಿಕೆಯ ಅಡ್ಡಹೆಸರಿನವರೂ ವತನ ಬಿಟ್ಟು ಪರೀಕ್ಷೆಯ ದಾರಿ ಹಿಡಿದಿದ್ದರು.

ಸವಣೂರಿನ ಕಥೆ ಸ್ವಲ್ಪ ಬೇರೆ. ಅದು 1948ರವರೆಗೂ ನವಾಬರ ಪುಟ್ಟ ಸಂಸ್ಥಾನ. ವೀಳ್ಯದೆಲೆಗೆ ಹೆಸರಾದ ಆ ಊರಿನಲ್ಲಿ ನೌಕರಿಯ ಬಾಗಿಲು ಎಂದರೆ ದರ್ಬಾರಿನ ಬಾಗಿಲು. ಆದರೆ ಆ ಊರಿನ ಮಜೀದ್ ಹೈಸ್ಕೂಲು ಬೇರೆಯದೇ ಬಾಗಿಲನ್ನು ತೆರೆಯಿತು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಅಲ್ಲಿ ಓದಿ, ಧಾರವಾಡದ ಕರ್ನಾಟಕ ಕಾಲೇಜು ಸೇರಿ, ಆಕ್ಸ್‌ಫರ್ಡಿಗೂ ಹೋಗಿ ಬಂದು, ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಗೋಕಾಕರ ಹೆಸರು ಈ ಕಥೆಯಲ್ಲಿ ಮತ್ತೊಮ್ಮೆ ಬರುತ್ತದೆ.

ಸ್ವಾತಂತ್ರ್ಯದ ಬಳಿಕ ಸಂವಿಧಾನದ 16ನೆಯ ವಿಧಿ ಒಂದು ಸ್ಪಷ್ಟ ಮಾತು ಹೇಳಿತು. ಸರಕಾರಿ ಹುದ್ದೆಗೆ ಧರ್ಮ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಭೇದ ಮಾಡುವಂತಿಲ್ಲ. ಆ ಪಟ್ಟಿಯಲ್ಲಿ ‘ವಂಶ’ ಎಂಬ ಶಬ್ದವೂ ಇದೆ. ಆಂಧ್ರದ ಹಳ್ಳಿಯೊಂದರ ಮುನ್ಸೀಫ ಹುದ್ದೆಯನ್ನು ಹಿಂದಿನವನ ಮಗನಿಗೇ ಕೊಟ್ಟದ್ದನ್ನು ಗಾಜುಲ ದಶರಥ ರಾಮರಾವ್ ಎಂಬವರು ಪ್ರಶ್ನಿಸಿದಾಗ, 1960ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಒಂದೇ ಶಬ್ದದ ಬಲದಿಂದ ವಂಶದ ಹಕ್ಕನ್ನು ತಳ್ಳಿಹಾಕಿತು. ಮುಂಬಯಿ ಸರಕಾರ 1950ರಲ್ಲಿಯೇ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದತಿಯ ಕಾಯದೆ ಮಾಡಿತ್ತು. ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಉಳಿದದ್ದನ್ನೂ ಮುಗಿಸಿತು. ಶತಮಾನಗಳಿಂದ ‘ಯಾರ ಪೈಕಿ’ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತ ಹುದ್ದೆಗಳು ಒಂದು ದಿನದಲ್ಲಿ ಅರ್ಜಿ ಹಾಕಬಹುದಾದ ಹುದ್ದೆಗಳಾದವು.

ಅರ್ಜಿಯ ಕಾಲ ಬಂತು ಎಂದರೆ ಎಂಪ್ಲಾಯ್ಮೆಂಟ್ ಕಾರ್ಡಿನ ಕಾಲ ಬಂತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗಾಗಿ 1945ರಲ್ಲಿ ಶುರುವಾದ ಉದ್ಯೋಗ ವಿನಿಮಯ ಕಚೇರಿಗಳು ಮುಂದೆ ಎಲ್ಲರಿಗೂ ತೆರೆದವು. ಖಾಲಿ ಹುದ್ದೆಗಳನ್ನು ಈ ಕಚೇರಿಗೆ ಕಡ್ಡಾಯವಾಗಿ ತಿಳಿಸಬೇಕು ಎಂದು 1959ರಲ್ಲಿ ಕಾಯದೆಯೂ ಆಯಿತು. ಆದರೆ ಕಚೇರಿ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಡ್ಡಾಯ ಅದರಲ್ಲಿ ಇರಲಿಲ್ಲ. ಹಿರೇಕೆರೂರಿನ ತರುಣನಿಗೆ ಜಿಲ್ಲಾ ಕೇಂದ್ರವೆಂದರೆ ಆಗ ದೂರದ ಧಾರವಾಡ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಪಟ್ಟಣಗಳಿಗೆ ರೈಲೂ ಇಲ್ಲ. ಬಸ್ಸು ಬದಲಿಸುತ್ತ ಹೋಗಿ ಹೆಸರು ಹಚ್ಚಿಸಿ ಬರಬೇಕು, ಕಾರ್ಡನ್ನು ಅವಧಿ ಮುಗಿಯುವ ಮುನ್ನ ನವೀಕರಿಸಬೇಕು, ಆಮೇಲೆ ಅಂಚೆಯವನ ದಾರಿ ಕಾಯಬೇಕು. ‘ಕಾಲ್ ಲೆಟರ್ ಬಂತೇನು?’ ಎಂಬುದು ಆ ದಶಕಗಳ ಕುಶಲ ಪ್ರಶ್ನೆ. ಮನೆಯ ಗೋಡೆಯ ತಂತಿಗೆ ಚುಚ್ಚಿದ ಕಾಗದಗಳ ಗೊಂಚಲಿನಲ್ಲಿ ಆ ಕಾರ್ಡಿಗೆ ಒಂದು ಗೌರವದ ಜಾಗವಿತ್ತು.

ಆ ಕಾಲದ ಅತ್ಯಂತ ಪ್ರಸಿದ್ಧ ಕಾಲ್ ಲೆಟರು ಮಾತ್ರ ಕಾರ್ಡಿನಿಂದ ಬಂದದ್ದಲ್ಲ. ಒಂದು ಅಂಚೆ ಕಾರ್ಡಿನಿಂದ ಬಂದದ್ದು.

1950ರ ಆಗಸ್ಟ್ 19ರಂದು ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿ ಎಂದು ನಾಡಿಗೆಲ್ಲ ಪರಿಚಿತರಾದವರು, ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರು. ತರಗತಿಯಲ್ಲಿ ಅವರೊಬ್ಬರೇ ಹುಡುಗಿ. ಸೀರೆ ಉಟ್ಟೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಡನೆ ಮಾತಾಡಬಾರದು ಎಂಬ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸ್ನಾತಕೋತ್ತರ ಓದು ಮುಗಿಸುತ್ತಿದ್ದಾಗ, 1974ರಲ್ಲಿ, ಹಾಸ್ಟೆಲ್ಲಿಗೆ ನಡೆದು ಹೋಗುವ ದಾರಿಯ ನೋಟಿಸ್ ಬೋರ್ಡಿನಲ್ಲಿ ಒಂದು ಜಾಹೀರಾತು ಕಂಡಿತು. ಟಾಟಾ ಸಮೂಹದ ಟೆಲ್ಕೊ ಕಂಪನಿಗೆ ಚುರುಕಾದ, ಕಷ್ಟಪಟ್ಟು ದುಡಿಯುವ ತರುಣ ಎಂಜಿನಿಯರರು ಬೇಕು. ಕೆಳಗೆ ಸಣ್ಣ ಅಕ್ಷರದ ಒಂದು ಸಾಲು: ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ.

ಅವರಿಗೆ ಆ ಕೆಲಸ ಬೇಕಾಗಿಯೇ ಇರಲಿಲ್ಲ. ಅಮೆರಿಕದಲ್ಲಿ ಸಂಶೋಧನೆಗೆ ವಿದ್ಯಾರ್ಥಿವೇತನದ ಕರೆ ಬಂದಿತ್ತು. ಆದರೆ ಸಾಲು ಮನಸ್ಸಿಗೆ ನಾಟಿತು. ಓದಿನಲ್ಲಿ ಗಂಡುಹುಡುಗರಿಗಿಂತ ಮುಂದಿದ್ದವಳು ಅರ್ಜಿಗೂ ಅರ್ಹಳಲ್ಲ ಎಂದರೆ ಏನು? ಕೋಣೆಗೆ ಹೋಗಿ ಒಂದು ಅಂಚೆ ಕಾರ್ಡು ತೆಗೆದುಕೊಂಡರು. ಟೆಲ್ಕೊದ ಮುಖ್ಯಸ್ಥರು ಯಾರೆಂದು ಗೊತ್ತಿರಲಿಲ್ಲ. ಟಾಟಾ ಎಂದರೆ ಜೆ.ಆರ್.ಡಿ. ಎಂಬುದು ಮಾತ್ರ ಗೊತ್ತಿತ್ತು. ಅವರ ಹೆಸರಿಗೇ ಬರೆದರು. ಉಕ್ಕಿನಿಂದ ಹಿಡಿದು ಎಲ್ಲ ಉದ್ಯಮಗಳಲ್ಲಿ ದೇಶಕ್ಕೆ ದಾರಿ ತೋರಿದ ಮನೆತನ, ತಾವು ಓದುತ್ತಿದ್ದ ಸಂಸ್ಥೆಯನ್ನೇ ಕಟ್ಟಿದ ಮನೆತನ, ಹೆಣ್ಣು ಗಂಡೆಂದು ಭೇದ ಮಾಡುವುದೇ ಎಂಬುದು ಆ ಕಾರ್ಡಿನ ಒಟ್ಟು ತಾತ್ಪರ್ಯ.

ಹತ್ತು ದಿನದೊಳಗೆ ತಂತಿ ಬಂತು. ಪುಣೆಯ ಕಾರ್ಖಾನೆಗೆ ಸಂದರ್ಶನಕ್ಕೆ ಬರಬೇಕು, ಹೋಗಿಬರುವ ಖರ್ಚು ಕಂಪನಿಯದು. ಹಾಸ್ಟೆಲ್ಲಿನ ಗೆಳತಿಯರಿಗೆ ಅದೊಂದು ಹಬ್ಬ. ಪುಣೆಯಲ್ಲಿ ಸೀರೆ ಅಗ್ಗ ಎಂದು ಬೇಕಾದವರೆಲ್ಲ ಮೂವತ್ತು ಮೂವತ್ತು ರೂಪಾಯಿ ಕೈಗಿಟ್ಟರು. ಸುಧಾ ಅವರು ಹೊರಟದ್ದು ನೌಕರಿಯ ಆಸೆಯಿಂದ ಅಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಏನು ಬರುತ್ತದೆ ನೋಡೋಣ ಎಂದು.

ಕೋಣೆಯಲ್ಲಿ ಆರು ಜನ ಕೂತಿದ್ದರು. ಜೆ.ಆರ್.ಡಿ.ಗೆ ಕಾರ್ಡು ಬರೆದ ಹುಡುಗಿ ಇವಳೇ ಎಂಬ ಪಿಸುಮಾತು ಕಿವಿಗೆ ಬಿತ್ತು. ಕೆಲಸ ಸಿಗುವುದಿಲ್ಲ ಎಂಬುದು ಆಗಲೇ ಖಚಿತವಾದದ್ದರಿಂದ ಭಯ ಹೋಯಿತು ಎಂದು ಅವರು ಬರೆದಿದ್ದಾರೆ. ಇದು ತಾಂತ್ರಿಕ ಸಂದರ್ಶನ ತಾನೇ ಎಂದು ಅವರೇ ಮೊದಲು ಕೇಳಿಬಿಟ್ಟರು. ಪ್ರಶ್ನೆಗಳು ಬಂದವು, ಎಲ್ಲಕ್ಕೂ ಉತ್ತರ ಹೋಯಿತು. ಕೊನೆಗೆ ಹಿರಿಯರೊಬ್ಬರು ಮೃದುವಾಗಿ ಕಾರಣ ಹೇಳಿದರು. ಕಾರ್ಖಾನೆಯ ನೆಲದ ಮೇಲೆ ಇದುವರೆಗೆ ಹೆಣ್ಣುಮಕ್ಕಳನ್ನು ತೆಗೆದುಕೊಂಡಿಲ್ಲ, ಇದು ಗಂಡು ಹೆಣ್ಣು ಕೂಡಿ ಓದುವ ಕಾಲೇಜಲ್ಲ. ನಿಮ್ಮ ಓದಿನ ಬಗ್ಗೆ ನಮಗೆ ಗೌರವವಿದೆ, ನಿಮ್ಮಂಥವರು ಸಂಶೋಧನೆಗೆ ಹೋಗಬೇಕು ಎಂದರು. ಎಲ್ಲಿಂದಾದರೂ ಶುರು ಮಾಡಬೇಕಲ್ಲ, ಇಲ್ಲವಾದರೆ ಯಾವ ಹೆಣ್ಣೂ ನಿಮ್ಮ ಕಾರ್ಖಾನೆಯಲ್ಲಿ ಎಂದಿಗೂ ಕೆಲಸ ಮಾಡಲಾರಳು ಎಂಬುದು ಸುಧಾ ಅವರ ಮರುಮಾತು.

ಕೆಲಸ ಸಿಕ್ಕಿತು. ಅಮೆರಿಕದ ವಿದ್ಯಾರ್ಥಿವೇತನ ಬಿಟ್ಟು ಅವರು ಪುಣೆಗೆ ಹೋದರು. ಟೆಲ್ಕೊದ ಮೊದಲ ಮಹಿಳಾ ಎಂಜಿನಿಯರ್ ಆದರು.

ಈ ಕಥೆಯನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಧೈರ್ಯ ಇದ್ದದ್ದು ನಿಜ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಕಾರ್ಡು ತಲುಪಿದ ಕಡೆ ಅದನ್ನು ಓದಿದರು. ಹತ್ತು ದಿನದಲ್ಲಿ ಉತ್ತರಿಸಿದರು. ಎದುರಿಗೆ ಕೂರಿಸಿಕೊಂಡು ತಮ್ಮ ನಿಯಮಕ್ಕೆ ಕಾರಣ ಏನೆಂದು ಹೇಳಿದರು. ಕಾರಣ ಬಾಯಿಬಿಟ್ಟು ಹೇಳಿದ್ದರಿಂದಲೇ ಅದಕ್ಕೆ ಮರುಮಾತು ಸಾಧ್ಯವಾಯಿತು. ಮರುಮಾತು ಬಂದದ್ದರಿಂದ ನಿಯಮ ಬಿದ್ದಿತು. ಒಂದು ‘ತಿಳಿಸ್ತೀವಿ’ಯಲ್ಲಿ ಎಲ್ಲವನ್ನೂ ಮುಗಿಸಿದ್ದರೆ ಆ ಸಣ್ಣ ಅಕ್ಷರದ ಸಾಲು ಇನ್ನೆಷ್ಟು ವರ್ಷ ನೋಟಿಸ್ ಬೋರ್ಡುಗಳ ಮೇಲೆ ಉಳಿಯುತ್ತಿತ್ತೋ.

ಕಾನೂನು ಆಗ ಅವರ ಬೆಂಬಲಕ್ಕೆ ಇರಲಿಲ್ಲ. 16ನೆಯ ವಿಧಿ ಸರಕಾರಿ ಹುದ್ದೆಗೆ ಸಂಬಂಧಪಟ್ಟದ್ದು. ಖಾಸಗಿ ಕಂಪನಿ ಅದರ ಹೊರಗೆ. 1948ರ ಕಾರ್ಖಾನೆ ಕಾಯದೆಯ 66ನೆಯ ಕಲಮು ರಾತ್ರಿ 7ರಿಂದ ಬೆಳಿಗ್ಗೆ 6ರವರೆಗೆ ಕಾರ್ಖಾನೆಯಲ್ಲಿ ಹೆಂಗಸರ ದುಡಿಮೆಯನ್ನೇ ತಡೆಯುತ್ತಿತ್ತು. ಪಾಳಿಯ ಕೆಲಸಕ್ಕೆ ಹೆಂಗಸರು ಬೇಡ ಎನ್ನಲು ಕಂಪನಿಗಳಿಗೆ ಅದೂ ಒಂದು ನೆಪ. 1975ರ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯದೆಯಾದ ಸಮಾನ ವೇತನ ಕಾನೂನಿನ 5ನೆಯ ಕಲಮು ನೇಮಕಾತಿಯಲ್ಲಿ ಹೆಣ್ಣಿಗೆ ಭೇದ ಮಾಡಬಾರದು ಎಂದಿತು. ಶಿಗ್ಗಾಂವಿಯ ಮಗಳ ಕಾರ್ಡು ಆ ಕಾನೂನಿಗಿಂತ ಮುಂದೆ ನಡೆದಿತ್ತು.

ಸರಕಾರದ ಸಂದರ್ಶನ ಕೋಣೆಯೂ ಹೆಣ್ಣಿಗೆ ಸಲೀಸಾಗಿರಲಿಲ್ಲ. ಕೊಡಗಿನ ಚೋನಿರ ಬೆಳ್ಯಪ್ಪ ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆ ಹೆಂಗಸರಿಗೆ ತಕ್ಕದ್ದಲ್ಲ ಎಂದು ಸಂದರ್ಶನ ಮಂಡಳಿಯೇ ಅವರನ್ನು ಹಿಂದೆಗೆಸಲು ನೋಡಿತ್ತು. ಮದುವೆಯಾದರೆ ಹುದ್ದೆ ಬಿಡುತ್ತೇನೆ ಎಂಬ ಮುಚ್ಚಳಿಕೆಗೂ ಸಹಿ ಮಾಡಬೇಕಾಯಿತು. ಬಡ್ತಿಯಲ್ಲೂ ಭೇದ ಕಂಡಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಸೇವೆಯ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಲ್ಲಿಯೂ ಬಾಗಿಲು ಅಲುಗಿದ್ದು ಬರೆದು ಕೇಳಿದ ಮೇಲೆ.

ಸಂದರ್ಶನ ಎಂಬುದು ಅರ್ಹತೆಯ ಅಳತೆಯೋ, ವಶೀಲಿಯ ಹಿಂಬಾಗಿಲೋ? ಈ ವಾದಕ್ಕೆ ನಮ್ಮ ರಾಜ್ಯದಲ್ಲಿಯೇ ಹಳೆಯ ಇತಿಹಾಸವಿದೆ. 1963ರಲ್ಲಿ ಮೈಸೂರು ಸರಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ನಡೆಸಿ ಶೇ 25ರಷ್ಟು ಅಂಕ ಇಟ್ಟಾಗ ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರಲ್ಲಿ ಕೋರ್ಟು ಸಂದರ್ಶನವನ್ನು ಎತ್ತಿಹಿಡಿಯಿತು. ದುರುಪಯೋಗ ಆಗಬಹುದು, ಆದರೆ ಪದ್ಧತಿಯೇ ಕೆಟ್ಟದ್ದಲ್ಲ ಎಂಬುದು ಅದರ ನಿಲುವು.

ಹದಿನಾರು ವರ್ಷಗಳಲ್ಲಿ ಕೋರ್ಟಿನ ದನಿ ಬದಲಾಯಿತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ 150 ಅಂಕಗಳಲ್ಲಿ 50 ಸಂದರ್ಶನಕ್ಕೆ ಮೀಸಲಾಗಿದ್ದವು. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಮಾತ್ರ ಸಿಕ್ಕಿತು, ಅದರಲ್ಲೂ ಕೇಳಿದ್ದು ತಂದೆ ತಾಯಿ ಯಾರು, ಮನೆ ಎಲ್ಲಿ ಎಂದಷ್ಟೇ ಎಂಬುದು ವಿದ್ಯಾರ್ಥಿಗಳ ದೂರು. ಹಾನಗಲ್ಲ ಸೀಮೆಯ ‘ಯಾರ ಪೈಕಿ’ ಪ್ರಶ್ನೆಯೇ ಕಾಶ್ಮೀರದ ಕಾಲೇಜಿನಲ್ಲಿ ಅಂಕ ಹಾಕಲು ಕೂತಿತ್ತು. ಅಜಯ್ ಹಾಸಿಯಾ ಮೊಕದ್ದಮೆ ಎಂದು ಹೆಸರಾದ ಆ ತೀರ್ಪು ಬಂದದ್ದು 1980ರ ನವೆಂಬರಿನಲ್ಲಿ. ಸಂದರ್ಶನಕ್ಕೆ ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಸಲ್ಲದು, ಸಂದರ್ಶನದ ಮಾತುಕತೆಯನ್ನು ಟೇಪಿನಲ್ಲಿ ಹಿಡಿದಿಡುವುದು ಒಳ್ಳೆಯದು ಎಂದು ಕೋರ್ಟು ಹೇಳಿತು.

ಕರ್ನಾಟಕದ ಕೆಎಎಸ್ ಸಂದರ್ಶನಕ್ಕೆ ಆಮೇಲೂ ಬಹುಕಾಲ 200 ಅಂಕಗಳಿದ್ದವು. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಯಲ್ಲಿ ಅಕ್ರಮದ ಆರೋಪ ಎದ್ದು ಸಿಐಡಿ ತನಿಖೆ ನಡೆಯಿತು. 2014ರಲ್ಲಿ ಸರಕಾರ ಆಯ್ಕೆಯ ಪಟ್ಟಿಯನ್ನೇ ಹಿಂತೆಗೆದುಕೊಂಡಿತು. 2022ರಲ್ಲಿ ವಿಧಾನಮಂಡಲ ವಿಶೇಷ ಕಾಯದೆಯ ಮೂಲಕ ಆ ಆಯ್ಕೆಯನ್ನು ಸಿಂಧುಗೊಳಿಸಿತು. ಆಗ ಮುಖ್ಯಮಂತ್ರಿಯಾಗಿದ್ದವರು ಶಿಗ್ಗಾಂವಿಯ ಶಾಸಕ ಬಸವರಾಜ ಬೊಮ್ಮಾಯಿ. ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿದರೆ ಹತ್ತು ವರ್ಷ ದಾಟಿತ್ತು. ಇಪ್ಪತ್ತೈದರ ಹುಮ್ಮಸ್ಸಿನಲ್ಲಿ ಪರೀಕ್ಷೆ ಬರೆದವರು ಮೂವತ್ತೈದು ಮುಟ್ಟಿದ್ದರು. ಪ್ರಾಮಾಣಿಕವಾಗಿ ಬರೆದು ಪಾಸಾದವರೂ, ಅನ್ಯಾಯವಾಗಿದೆ ಎಂದು ಕೋರ್ಟಿಗೆ ಹೋದವರೂ ಒಂದೇ ಸಮನೆ ಕಾದರು. ಅಷ್ಟರಲ್ಲಿ ಆಯ್ಕೆ ಪದ್ಧತಿಯ ಸುಧಾರಣೆಗೆ ನೇಮಿಸಿದ್ದ ಪಿ.ಸಿ. ಹೋಟಾ ಸಮಿತಿಯ ವರದಿ ಬಂದಿತ್ತು. ಸಂದರ್ಶನದ ಅಂಕ 200ರಿಂದ 50ಕ್ಕೆ, ಆಮೇಲೆ 25ಕ್ಕೆ ಇಳಿಯಿತು. ಕೇಂದ್ರ ಸರಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು.

ಸಂದರ್ಶನ ತೆಗೆದರೆ ಎಲ್ಲ ಸರಿಹೋಯಿತೆ? ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಲಿಖಿತ ಪರೀಕ್ಷೆಯ ಉತ್ತರ ಹಾಳೆಗಳನ್ನೇ ತಿದ್ದಿದ್ದು ಬಯಲಾಗಿ, ಮರುವರ್ಷ ಪರೀಕ್ಷೆ ರದ್ದಾಯಿತು. ಆದರೆ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದ 1990ರ ದಶಕದಲ್ಲಿ ಒಂದು ಲಕ್ಷದಷ್ಟು ಶಿಕ್ಷಕರ ನೇಮಕಾತಿ ಅಂಕದ ಆಧಾರದ ಮೇಲೆ, ಎಲ್ಲರ ಕಣ್ಣೆದುರೇ ನಡೆದದ್ದನ್ನು ಉತ್ತರ ಕರ್ನಾಟಕದ ಹಳ್ಳಿಗಳು ಇಂದಿಗೂ ನೆನೆಯುತ್ತವೆ. ಒಂದು ಪೈಸೆ ಕೊಡದೆ, ಯಾರ ಕಾಲನ್ನೂ ಹಿಡಿಯದೆ ಮಾಸ್ತರನಾದೆ ಎಂದು ಎದೆ ತಟ್ಟಿ ಹೇಳುವವರು ಆ ಪೀಳಿಗೆಯಲ್ಲಿದ್ದಾರೆ. ಅಂಕಪಟ್ಟಿ ಗೋಡೆಯ ಮೇಲಿದ್ದರೆ, ತಾನು ಯಾಕೆ ಆಯ್ಕೆಯಾಗಲಿಲ್ಲ ಎಂಬುದು ಆಗದವನಿಗೂ ತಿಳಿಯುತ್ತದೆ.

ಸಂದರ್ಶನದ ಕೋಣೆಯಲ್ಲಿ ಈ ಸೀಮೆಯವರನ್ನು ಕಾಡಿದ ಇನ್ನೊಂದು ಸಂಗತಿ ಭಾಷೆ. ಕನ್ನಡ ಶಾಲೆಯಲ್ಲಿ ಓದಿ, ವಿಷಯವೆಲ್ಲ ಗೊತ್ತಿದ್ದೂ, ಇಂಗ್ಲಿಷಿನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದ ಕೂಡಲೇ ನಾಲಗೆ ಒಣಗುವ ಅನುಭವ ಇಲ್ಲಿಯ ಮನೆಮನೆಯದು. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕು ಎಂದು 1981ರ ಆರಂಭದಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಅದೇ ಸವಣೂರಿನ ಗೋಕಾಕರು. ಆ ವರದಿಗಾಗಿ ಬೀದಿಗಿಳಿದವರಲ್ಲಿ ಮುಂಚೂಣಿಯಲ್ಲಿದ್ದ ಚಂದ್ರಶೇಖರ ಪಾಟೀಲರು ಸವಣೂರು ತಾಲೂಕಿನ ಹತ್ತಿಮತ್ತೂರಿನವರು. ಹಾವೇರಿ ತಾಲೂಕಿನ ಕುರುಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪನವರು ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿ ಕಚೇರಿ ಕಚೇರಿ ತಿರುಗಿದರು. ಶಾಲೆಯ ಪ್ರಶ್ನೆಯ ಬೆನ್ನಿಗೇ ನೌಕರಿಯ ಪ್ರಶ್ನೆ ಬಂತು. ಧಾರವಾಡದ ಸರೋಜಿನಿ ಮಹಿಷಿ ನೇತೃತ್ವದ ಸಮಿತಿ 1986ರಲ್ಲಿ 58 ಶಿಫಾರಸುಗಳ ವರದಿ ಕೊಟ್ಟಿತು. 15 ವರ್ಷ ಕರ್ನಾಟಕದಲ್ಲಿ ನೆಲೆಸಿ, ಕನ್ನಡ ಓದಲು ಬರೆಯಲು ಮಾತಾಡಲು ಬಲ್ಲವರು ಕನ್ನಡಿಗರು ಎಂದು ವ್ಯಾಖ್ಯಾನಿಸಿ, ಅವರಿಗೆ ಕೆಲಸ ಸಿಗಬೇಕು ಎಂದಿತು.

ಅದಾಗಿ ಮೂರು ದಶಕಗಳ ಬಳಿಕ, 2019ರಲ್ಲಿ, ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು ಎಂದು ಕೇಂದ್ರ ಸರಕಾರ ಪ್ರಕಟಿಸಿತು. ಹಿರೇಕೆರೂರಿನ ರೈತನೊಂದಿಗೆ ಕನ್ನಡದಲ್ಲಿ ಮಾತಾಡಬೇಕಾದ ಗುಮಾಸ್ತ ಅಲ್ಲಿಯವರೆಗೆ ಇಂಗ್ಲಿಷು ಅಥವಾ ಹಿಂದಿಯಲ್ಲಿ ಪರೀಕ್ಷೆ ಬರೆದು ಬರಬೇಕಿತ್ತು. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ತಪ್ಪು ಅನುವಾದದಿಂದ ಅರ್ಥವಾಗದಂತಿದ್ದು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದು, ಅದರಲ್ಲಿಯೂ ತಪ್ಪುಗಳು ಕಂಡದ್ದು ಈಚಿನ ಗಾಯ.

ಇಷ್ಟೆಲ್ಲ ಆದರೂ ಸರಕಾರಿ ಬಾಗಿಲಲ್ಲಿ ಒಂದು ಕಿಂಡಿ ಇದೆ. 2005ರ ಮಾಹಿತಿ ಹಕ್ಕು ಕಾಯದೆಯ ಅಡಿಯಲ್ಲಿ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ ಕೇಳಬಹುದು: ನನಗೆ ಎಷ್ಟು ಅಂಕ ಬಂತು, ಆಯ್ಕೆ ಎಲ್ಲಿಗೆ ನಿಂತಿತು. ಬರೆದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗಿದೆ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿತು. ಖಾಸಗಿ ಕಂಪನಿಯ ಬಾಗಿಲಲ್ಲಿ ಆ ಕಿಂಡಿಯೂ ಇಲ್ಲ. ಆನ್‌ಲೈನ್ ಅರ್ಜಿ, ಕಂಪ್ಯೂಟರ್ ಪರೀಕ್ಷೆ, ಗುಂಪು ಚರ್ಚೆ, ತಾಂತ್ರಿಕ ಸುತ್ತು, ಎಚ್‌ಆರ್ ಸುತ್ತು. ಸುತ್ತು ಸುತ್ತಿಗೂ ಬಸ್ಸಿನ ಖರ್ಚು, ರಜೆ, ಸಾಲ ತಂದ ಬೂಟು. ಕೊನೆಗೆ ಮೌನ. ಮಿಂಚಂಚೆ ಕಳಿಸಿದರೆ ಯಂತ್ರವೇ ಬರೆದ ಒಂದು ಸಾಲು ಬರುತ್ತದೆ, ಅದರಲ್ಲಿ ಹೆಸರಿನ ಜಾಗ ಮಾತ್ರ ಬೇರೆ. ಕಚೇರಿಯ ಜಗುಲಿಯಲ್ಲಿ ಪಗಾರವಿಲ್ಲದೆ ಕೂತ ಹಳೆಯ ಉಮೇದುವಾರನಿಗೆ ಸಾಹೇಬರ ಮುಖವಾದರೂ ಕಾಣುತ್ತಿತ್ತು. ಈಗಿನ ಉಮೇದುವಾರ ಮೊಬೈಲಿನ ಪರದೆಯ ಮುಂದೆ ಕಾಯುತ್ತಾನೆ. ಕಾಯುವಿಕೆಯನ್ನೇ ಬಂಡವಾಳ ಮಾಡಿಕೊಂಡು, ದುಡ್ಡು ಕೊಟ್ಟರೆ ಕೆಲಸ ಕೊಡಿಸುತ್ತೇವೆ ಎನ್ನುವ ವಂಚಕರ ಬಲೆಗೆ ಹೊಲ ಅಡವಿಟ್ಟು ಬಿದ್ದ ಮನೆಗಳೂ ಇವೆ. ಆಯ್ಕೆಯಾಗಲಿಲ್ಲ ಎಂದು ಹೇಳಲು ಕಂಪನಿಗೆ ಬೇಕಾಗುವುದು ಅರ್ಧ ನಿಮಿಷ. ಅದನ್ನು ಹೇಳದೆ ಬಿಡುವುದು ಒಬ್ಬ ತರುಣನ ಎರಡು ತಿಂಗಳನ್ನು ತಿಂದುಹಾಕುತ್ತದೆ.

ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸಿಗೆ ನಿಂತವರ ಕೈಯಲ್ಲಿ ಪ್ಲಾಸ್ಟಿಕ್ ಫೈಲುಗಳಿರುತ್ತವೆ. ಅಂಥ ಒಂದು ಫೈಲನ್ನು ಬಿಚ್ಚಿದರೆ ಕಾಗದಗಳು ಬಹುಮಟ್ಟಿಗೆ ಒಂದೇ ಕ್ರಮದಲ್ಲಿರುತ್ತವೆ. ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹಳೆಯ ಮುಲ್ಕಿಯ ಜಾಗದಲ್ಲಿ ಕೂತದ್ದು. ಅದರ ಕೆಳಗೆ ಪಿಯುಸಿ, ಪದವಿ. ಆಮೇಲೆ ತಹಶೀಲ್ದಾರರು ಕೊಟ್ಟ ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣಪತ್ರ. ಸರಕಾರಿ ನೇಮಕಾತಿಯಲ್ಲಿ ಅದಕ್ಕೆ ಶೇ 25 ಮೀಸಲು. ಕನ್ನಡ ಮಾಧ್ಯಮದ ಪ್ರಮಾಣಪತ್ರ, ಶೇ 5. ಪ್ರತಿಯೊಂದು ಕಾಗದಕ್ಕೂ ಲ್ಯಾಮಿನೇಷನ್ ಹಾಳೆ, ಅಮ್ಮನೋ ಅಕ್ಕನೋ ಜೋಪಾನವಾಗಿ ಜೋಡಿಸಿಟ್ಟ ಗುರುತು. ಎಲ್ಲಕ್ಕಿಂತ ಕೆಳಗೆ ಕಂಪನಿಗಳಿಂದ ಬಂದ ಸಂದರ್ಶನದ ಕರೆಗಳ ಮುದ್ರಿತ ಪ್ರತಿಗಳಿರುತ್ತವೆ, ದಿನಾಂಕ ಮತ್ತು ವಿಳಾಸದ ಕೆಳಗೆ ಪೆನ್ಸಿಲಿನಲ್ಲಿ ಬರೆದ ಬಸ್ಸಿನ ವೇಳೆಯ ಸಮೇತ. ಹೋಗಿ ಬಂದ ಮೇಲೆ ಆ ಕಂಪನಿಗಳು ಏನು ಹೇಳಿದವು ಎಂಬ ಕಾಗದ ಮಾತ್ರ ಫೈಲಿನಲ್ಲಿ ಇರುವುದಿಲ್ಲ. ಬಸ್ಸು ಬರುತ್ತದೆ, ಫೈಲನ್ನು ಎದೆಗೊತ್ತಿಕೊಂಡು ಅವರು ಹತ್ತುತ್ತಾರೆ.